ಅಧ್ಯಕ್ಷೀಯ ಭಾಷಣದಲ್ಲಿ ನಾನು ಸೋತ ವಾದ

ಉಪದೇಶ ಕೊಡುವುದರಲ್ಲಿರುವ ಸುಖ ತೆಗೆದುಕೊಳ್ಳುವುದರಲ್ಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಮನೆಯಲ್ಲಿ ಕೊಟ್ಟರೆ ಆ ಸುಖ ಪೂರ್ತಿ ಸಿಗುವುದಿಲ್ಲ. ಕೇಳುವವರು ನಡುವೆ ಎದ್ದು ಒಲೆಯ ಮೇಲಿನ ಹಾಲು ನೋಡಲು ಹೋಗಿಬಿಡುತ್ತಾರೆ. ಅದಕ್ಕೆ ವೇದಿಕೆ ಬೇಕು, ಮೈಕು ಬೇಕು, ಹೆಗಲ ಮೇಲೊಂದು ಶಾಲು ಬೇಕು. ನಾನು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಇಪ್ಪತ್ತಾರು ವರ್ಷಗಳಿಂದ ಊರಲ್ಲಿ ಯಾವ ಸಮಾರಂಭ ನಡೆದರೂ ಅತಿಥಿಗಳನ್ನು ಪರಿಚಯಿಸುವ ಕೆಲಸ ನನ್ನದೇ ಆಗಿರುವುದರಿಂದ, ಆ ಮೂರರಲ್ಲಿ ಮೈಕು ಮಾತ್ರ ನನಗೆ ಸಿಕ್ಕಿತ್ತು, ಅದೂ ಮೂರು ನಿಮಿಷ. ದಾಲ್ ಮಿಲ್ಲಿನ ಮಾಲೀಕರು, ಸಂಘದ ಅಧ್ಯಕ್ಷರು, ಸಮಾಜದ ಮುಖಂಡರು, ಯಾರೇ ಬರಲಿ, ಅವರು ಹುಟ್ಟಿದ ಹಳ್ಳಿ, ಪಟ್ಟ ಕಷ್ಟ, ಏರಿದ ಎತ್ತರ ಎಲ್ಲವನ್ನೂ ನಾನು ಹೇಳಿ ಮುಗಿಸುತ್ತೇನೆ. ಅವರ ಕೊರಳಿಗೆ ಹಾರ ಬೀಳುವಾಗ ಪಕ್ಕಕ್ಕೆ ಸರಿದು ಚಪ್ಪಾಳೆ ತಟ್ಟುತ್ತೇನೆ. ಆಮೇಲೆ ಅವರು "ಎರಡೇ ಮಾತು" ಎಂದು ಶುರುಮಾಡಿ ಒಂದು ತಾಸು ಯುವಕರಿಗೆ ಜೀವನದಲ್ಲಿ ಮುಂದೆ ಬರುವ ಬಗೆ ಹೇಳುತ್ತಾರೆ. ನಾನು ಕೊನೆಯ ಕುರ್ಚಿಯಲ್ಲಿ ಕೂತು, ಇದನ್ನೇ ನಾನಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಎಂದು ಒಳಗೊಳಗೇ ಕುದಿಯುತ್ತೇನೆ.

ಹೋದ ವರ್ಷ ದಸರೆ ಕಳೆದ ಮೇಲೆ ಬಸವಕಲ್ಯಾಣದಿಂದ ಒಂದು ಫೋನು ಬಂತು. ಮಾತಾಡಿದವನು ಶಿವರಾಜ, ನನ್ನ ಹಳೆಯ ವಿದ್ಯಾರ್ಥಿ, ಈಗ ಅಲ್ಲಿಯ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕ. "ಸರ್, ನಮ್ಮ ಕಾಲೇಜಿನಾಗ ಸಾಧಕರ ಜೋಡಿ ಸಂವಾದ ಅಂತ ಇಟ್ಕೊಂಡೀವಿ. ಕೊನೀ ವರ್ಷದ ಮಕ್ಕಳಿಗೆ ಮುಂದ ಏನ್ ಮಾಡ್ಬೇಕು ಅಂತ ನಾಕು ಹಿತದ ಮಾತು. ನೀವು ಬರ್ಲಿಕ್ಕೇ ಬೇಕ್ರಿ" ಎಂದ. ನಾನು ರೂಢಿಯಂತೆ ಪೆನ್ನು ತೆಗೆದು, "ಯಾರ್ಯಾರು ಬರಾಕತ್ತಾರ, ಅವರ ವಿವರ ವಾಟ್ಸಾಪ್ ಮಾಡಪಾ" ಎಂದೆ. "ಪರಿಚಯಕ್ಕಲ್ರಿ ಸರ್, ಭಾಷಣಕ್ಕ. ಇಷ್ಟು ಮಂದಿ ಸಾಧಕರನ್ನ ಪರಿಚಯ ಮಾಡೀರಿ, ಅವರೆಲ್ಲರ ಗುಟ್ಟು ನಿಮ್ಮಲ್ಲೇ ಅದ" ಎಂದ. ನಾನು ಕೂತ ಕುರ್ಚಿಯಿಂದ ಎದ್ದುಬಿಟ್ಟೆ. ಫೋನಿನಲ್ಲಿ ಮಾತಾಡುವವನಿಗೆ ಎದ್ದು ನಿಂತು ಕೈಮುಗಿದ ಮನುಷ್ಯ ನಮ್ಮ ಗಲ್ಲಿಯಲ್ಲಿ ನಾನೊಬ್ಬನೇ ಇರಬೇಕು. ಆ ದಿನ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿಕೊಂಡೆ, ಬೇಕಾಗಿ ಅಲ್ಲ, ಮೊದಲನೆಯದು ಮರೆತುಹೋಗಿತ್ತು.

ಹೆಂಡತಿ ಮಹಾನಂದಾಳಿಗೆ ಹೇಳಿದೆ. "ಛಲೋ ಆತು ಬಿಡ್ರಿ. ಅದೊಂದು ದಿನಾನರ ನಾವು ಆರಾಮ ಇರ್ತೀವಿ" ಎಂದಳು. ಮಗಳು ಅಂಬಿಕಾ ಮಾತ್ರ ದೇವರ ಮಾಡದ ಕಡೆ ಕಣ್ಣು ಹಾಯಿಸಿದಳು. ಆಗ ನಮ್ಮಿಬ್ಬರ ನಡುವೆ ಒಂದು ವಾದ ನಡೆದಿತ್ತು, ನಾಲ್ಕು ತಿಂಗಳಿಂದ. ಅವಳು ಬಿ.ಕಾಂ. ಮುಗಿಸಿದ್ದಳು. ನಾನು ಬಿ.ಎಡ್. ಫಾರ್ಮು ತಂದು ದೇವರ ಮಾಡದಲ್ಲಿ ಇಟ್ಟಿದ್ದೆ. ಅದನ್ನು ಅವಳು ತುಂಬುತ್ತಿರಲಿಲ್ಲ. ಯಾಕೆಂದರೆ ಅವಳಿಗೆ ಆಡು ಸಾಕಬೇಕಾಗಿತ್ತು. ನನ್ನ ಹುಟ್ಟೂರಾದ ಹುಡಗಿ ಗ್ರಾಮದಲ್ಲಿ ನಮಗೆ ಎರಡು ಎಕರೆ ಹೊಲವಿದೆ, ಅಲ್ಲಿ ಶೆಡ್ಡು ಹಾಕಿ, ಆಡು ಕಟ್ಟಿ, ಅದನ್ನೇ ಉದ್ಯೋಗ ಮಾಡುತ್ತೇನೆ ಎನ್ನುತ್ತಿದ್ದಳು. ಅದಕ್ಕಾಗಿ ಪದವಿ ಮುಗಿದ ಕೂಡಲೇ ಸೋದರಮಾವನ ಊರಿಗೆ ಹೋಗಿ, ಅಲ್ಲಿ ಆಡು ಸಾಕುವ ಒಬ್ಬಾಕೆಯ ಹತ್ತಿರ ಎರಡು ತಿಂಗಳು ನಿಂತು ಕೆಲಸ ಕಲಿತು ಬಂದಿದ್ದಳು. ನಮಗೆ ಹೇಳಿದ್ದು ಮಾತ್ರ ಕಂಪ್ಯೂಟರ್ ಕ್ಲಾಸು ಎಂದು.

ನಾನು ಯಾಕೆ ಅಷ್ಟು ಉರಿದುಬಿದ್ದೆ ಎಂಬುದನ್ನು ಹೇಳಬೇಕು. ನಮ್ಮಪ್ಪ ಹುಡಗಿಯ ಅಡವಿಯಲ್ಲಿ ಆಡು-ಕುರಿ ಕಾಯುತ್ತಿದ್ದವರು. ಅವರ ಅಪ್ಪನೂ ಅದೇ. ನನ್ನನ್ನು ಸಾಲಿಗೆ ಹಾಕಿದ್ದೇ ಆ ಕೋಲು ನನ್ನ ಕೈಗೆ ಬರಬಾರದು ಎಂದು. ಬರಲೂ ಇಲ್ಲ, ಬದಲಿಗೆ ಬೆತ್ತ ಬಂತು. ಈ ಇಪ್ಪತ್ತಾರು ವರ್ಷ, ವ್ಯಾಕರಣ ಬಾರದ ಪ್ರತಿಯೊಬ್ಬ ಹುಡುಗನಿಗೂ ನಾನು ಬೈದದ್ದು ಒಂದೇ ಬೈಗಳು: "ನಿನಗ್ಯಾಕಲೇ ಸಾಲಿ, ಕುರಿ ಕಾಯಾಕ ಹೋಗು." ಹಾಗೆ ಬೈಯುವ ಮಾಸ್ತರನ ಅಪ್ಪ ಕುರಿ ಕಾಯುತ್ತಿದ್ದ ಎಂಬುದು ಹುಮನಾಬಾದಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ "ಒಕ್ಕಲುತನ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಎರಡು ತಲೆಮಾರು ಹತ್ತಿ ಬಂದ ಮೆಟ್ಟಿಲನ್ನು ನನ್ನ ಮಗಳು ಬಿ.ಕಾಂ. ಸರ್ಟಿಫಿಕೇಟು ಹಿಡಿದುಕೊಂಡು ದಡದಡ ಇಳಿಯಲು ಹೊರಟರೆ ನನಗೆ ಹೇಗಾಗಬೇಡ?

"ಪಪ್ಪಾ, ಒಂದ್ ಕರಾರು ಮಾಡ್ಕೊಳ್ಳೋಣ" ಎಂದಳು ಅಂಬಿಕಾ ಆ ಸಂಜೆ. "ಮನ್ಯಾಗ ನೀವು ಹೇಳೋದು ನನಗ ಅಂಜಸ್ಲಿಕ್ಕ. ಕಲ್ಯಾಣದಾಗ ಅಷ್ಟು ಮಂದಿ ಮುಂದ ಏನ್ ಹೇಳ್ತೀರಲ್ಲ, ಅದು ನಿಮ್ಮ ಖರೇ ಮಾತು. ನಾನೂ ಬರ್ತೀನಿ, ಕೇಳ್ತೀನಿ. ಅಲ್ಲಿ ನೌಕರೀನೇ ಮಾಡ್ರಿ ಅಂದ್ರ ಮರುದಿನ ಫಾರ್ಮ್ ತುಂಬ್ತೀನಿ. ಆಡಿನ ಸುದ್ದಿ ಮತ್ತ ಎತ್ತಂಗಿಲ್ಲ; ಬ್ಯಾರೆ ಹೇಳಿದ್ರ ನೀವು ಅಡ್ಡ ಬರಂಗಿಲ್ಲ."

ನಾನು ತಕ್ಷಣ ಒಪ್ಪಿದೆ. ಇದಕ್ಕಿಂತ ಸುಲಭದ ಗೆಲುವು ಯಾರಿಗೆ ಸಿಕ್ಕೀತು? ಭಾಷಣ ಮಾಡುವವನು ನಾನು, ವಿಷಯ ನನ್ನದು, ಮೈಕು ನನ್ನ ಕೈಯಲ್ಲಿ. ಎರಡು ವಾರ ಕೂತು ಬರೆದೆ. ಭದ್ರವಾದ ನೌಕರಿ, ತಿಂಗಳು ತಿಂಗಳು ಸಂಬಳ, ಕಾಯಕದ ಮಹಿಮೆ, ಹಿರಿಯರ ಮಾತಿಗೆ ಮರ್ಯಾದೆ, ಸಾಹಸ ಮಾಡಿ ಕೈಸುಟ್ಟುಕೊಂಡವರ ಗತಿ, ಹೀಗೆ ಐದು ಭಾಗ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಆರಂಭ. ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ, ಹಿತ್ತಲಲ್ಲಿ ಮಾಡಿದೆ. ಒಂದು ಸಲ ತರಕಾರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಮೂರನೆಯ ಭಾಗ ಗಟ್ಟಿಯಾಗಿ ಹೊರಬಿದ್ದು, ಮಾರುವವಳು, "ಏನ್ ಆತ್ರಿ ಮಾಸ್ತರ, ಜ್ವರಾ ಬಂದಾವೇನು?" ಎಂದು ಕೇಳಿದಳು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಯಾರೋ ಮಾಡಿಟ್ಟಂತಿದೆ.

ಆ ದಿನ ಮೂವರೂ ಬೆಳಗಿನ ಬಸ್ಸು ಹಿಡಿದೆವು. ಕಾಲೇಜಿನ ಗೇಟಿನಲ್ಲೇ ಶಿವರಾಜ ಓಡಿಬಂದು, "ಸರ್, ಅಧ್ಯಕ್ಷತೆ ವಹಿಸ್ಬೇಕಾದವ್ರು ಲಗ್ನಕ್ಕಂತ ಸೊಲ್ಲಾಪುರಕ್ಕ ಹೋಗ್ಯಾರ. ಇವತ್ತಿನ ಅಧ್ಯಕ್ಷರು ನೀವೇ" ಎಂದ. ಭಾಷಣಕ್ಕೆ ಕರೆದು ಅಧ್ಯಕ್ಷನನ್ನೇ ಮಾಡಿದರಲ್ಲ ಎಂದು ನನಗೆ ನೆಲ ಕಾಣಿಸಲಿಲ್ಲ. ಮಹಾನಂದಾಳ ಕಡೆ ತಿರುಗಿ ನೋಡಿದೆ; ಅವಳು ನನ್ನ ಅಂಗಿಯ ಕಾಲರು ಸರಿಮಾಡಿದಳು. ವೇದಿಕೆಯ ನಟ್ಟನಡುವಿನ ಎತ್ತರದ ಕುರ್ಚಿಯಲ್ಲಿ ಕೂತು, ಶಾಲು ಹೊದ್ದು, ಹಾರ ಹಾಕಿಸಿಕೊಂಡೆ. ಯಾರೋ ಒಬ್ಬ ಉಪನ್ಯಾಸಕ ನನ್ನ ಪರಿಚಯ ಮಾಡಿಕೊಟ್ಟ. ಮೂರು ನಿಮಿಷ ತುಂಬಲಿಲ್ಲ. ಹುಟ್ಟಿದ ಊರು, ಓದಿದ ಸಾಲಿ, ಸೇರಿದ ನೌಕರಿ, ಅಲ್ಲಿಗೆ ನಿಂತುಹೋಯಿತು. ಏನಾದರೂ ಬಿಟ್ಟನೇ ಎಂದು ಯೋಚಿಸಿದೆ. ಏನೂ ಬಿಟ್ಟಿರಲಿಲ್ಲ.

ಅಧ್ಯಕ್ಷ ಎಂದರೆ ಕಡೆಯಲ್ಲಿ ಮಾತಾಡುವವನು ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ನಮ್ಮ ಕಡೆಯ ಸಮಾರಂಭಗಳಲ್ಲಿ ಅಧ್ಯಕ್ಷೀಯ ಭಾಷಣವೆಂದರೆ ಊಟಕ್ಕೆ ಏಳುವ ಗಂಟೆ. ಎಷ್ಟೋ ಅಧ್ಯಕ್ಷರು ಖಾಲಿ ಕುರ್ಚಿಗಳಿಗೆ ಜೀವನದ ದಾರಿ ತೋರಿಸುವುದನ್ನು ನಾನೇ ಕಂಡಿದ್ದೇನೆ. ಆದರೆ ಶಾಲು ಹೆಗಲ ಮೇಲಿರುವಾಗ ಅಂಥದ್ದೆಲ್ಲ ನೆನಪಾಗುವುದಿಲ್ಲ.

ಮೊದಲು ಎದ್ದವರು ಹುಮನಾಬಾದಿನ ದಾಲ್ ಮಿಲ್ಲಿನ ಕಾಶೀನಾಥರಾವ. ನಾನೇ ಎಂಟು ಸಲ ಪರಿಚಯಿಸಿದವರು. "ಕೈ ಕೆಸರಾದ್ರ ಬಾಯಿ ಮೊಸರು" ಎಂದೇ ಶುರುಮಾಡಿದರು. ಅದು ನಾನು ಬರೆದ ಆರಂಭ. ಜೇಬಿನಿಂದ ಕಾಗದ ತೆಗೆದು ಮೊದಲ ಸಾಲು ಹೊಡೆದುಹಾಕಿದೆ. "ನಾ ಹತ್ತನೇ ಕ್ಲಾಸಿನಾಗ ಮೂರ್ ಸಲ ಫೇಲ್ ಆದಾಂವ" ಎಂದರು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನನಗೆ ನೆನಪಿರುವಂತೆ ಮೊದಲ ಸಲ ಪರಿಚಯಿಸಿದಾಗ ಒಂದೇ ಸಲ ಫೇಲಾಗಿದ್ದರು. ಮಿಲ್ಲು ಬೆಳೆದ ಹಾಗೆ ಅದೂ ಬೆಳೆದಿತ್ತು. "ಮಾಲ್ ಛಲೋ ಇರ್ಲಿ, ಮಾತು ಖಡಕ್ ಇರ್ಲಿ, ಫಿಕರ್ ಬಿಡ್ರಿ" ಎಂದು ಕೂತರು. ಆಮೇಲೆ ಎದ್ದವಳು ಕಲ್ಯಾಣದಲ್ಲಿ ಖಡಕ್ ರೊಟ್ಟಿ ಮಾಡಿ ಸೊಲ್ಲಾಪುರ, ಹೈದರಾಬಾದಿನವರೆಗೆ ಕಳಿಸುವ ನಾಗಮ್ಮ. ಇಪ್ಪತ್ತು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟವಳು. "ನಾ ಸಾಲೀನೇ ಕಂಡಿಲ್ರೆಪ್ಪಾ. ಫೇಲ್ ಹ್ಯಾಂಗ ಆಗ್ತಾರ ಅದೂ ಗೊತ್ತಿಲ್ಲ" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಕಾಶೀನಾಥರಾಯರ ಮೂರು ಸಲ ಅಲ್ಲೇ ಮುಳುಗಿಹೋಯಿತು. "ಮೊದಲನೇ ರೊಟ್ಟಿ ಎಲ್ಲಾರದೂ ಹರೀತದ. ಹರಿದದ್ದು ತಿಂದು ಎರಡನೇದು ಬಡೀರಿ" ಎಂದು ಹೇಳಿ ಕೂತಳು. ನಾನು ಎರಡು ವಾರ ಬರೆದದ್ದರಲ್ಲಿ ಈ ತೂಕದ ಒಂದು ಮಾತೂ ಇರಲಿಲ್ಲ.

ಮೂರನೆಯವರು ಸಮಾಜದ ಮುಖಂಡರು ಧೂಳಪ್ಪ ಮುತ್ಯಾ. ಬಿಳಿ ರುಮಾಲು, ಎಂಬತ್ತರ ಹತ್ತಿರದ ವಯಸ್ಸು. ಊರಿನ ಜಗಳ ಬಗೆಹರಿಸುವುದರಲ್ಲಿ ಎತ್ತಿದ ಕೈ. "ಎರಡೇ ಮಾತು" ಎಂದರು. ಒಂದನೆಯ ಮಾತು ನಲವತ್ತು ನಿಮಿಷ ಹಿಡಿಯಿತು. ಕಲ್ಯಾಣದಲ್ಲಿ ನಿಂತು ಕಾಯಕದ ಬಗ್ಗೆ ಮಾತಾಡದವರು ಯಾರು? ಅದೂ ಆಯಿತು. ಹಿರಿಯರಿಗೆ ಮರ್ಯಾದೆ, ಅದೂ ಆಯಿತು. ಅವರು ಒಂದೊಂದು ವಿಷಯ ಮುಟ್ಟಿದಂತೆ ನಾನು ನನ್ನ ಕಾಗದದಲ್ಲಿ ಒಂದೊಂದು ಭಾಗ ಹೊಡೆದುಹಾಕುತ್ತ ಹೋದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಗೋಧಿಹುಗ್ಗಿಯ ವಾಸನೆ ಬಂತು, ಅದರ ಹಿಂದೆ ಪುಂಡಿಪಲ್ಯದ್ದು. ಕೊನೆಯ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. "ಈಗ ಅಧ್ಯಕ್ಷೀಯ ನುಡಿ" ಎಂದು ಶಿವರಾಜ ಕೂಗಿದಾಗ ಅರ್ಧ ಸಭೆ ಎದ್ದು ನಿಂತಿತ್ತು. ನನಗೆ ಗೌರವ ಕೊಡಲು ಅಲ್ಲ.

ನಾನು ಮೈಕಿನ ಮುಂದೆ ನಿಂತೆ. ಕಾಗದದಲ್ಲಿ ಉಳಿದದ್ದು "ಭದ್ರವಾದ ನೌಕರಿ" ಎಂಬ ಒಂದೇ ಭಾಗ. ಅದನ್ನು ಎರಡು ವಾಕ್ಯ ಓದಿದೆ. ಎದ್ದವರ ಜೊತೆ ಇನ್ನಷ್ಟು ಜನ ಎದ್ದರು. ಮೂರನೆಯ ಸಾಲಿನಲ್ಲಿ ಅಂಬಿಕಾ ಕೂತಿದ್ದಳು, ಪಕ್ಕದಲ್ಲಿ ಮಹಾನಂದಾ. ಅಂಬಿಕಾಳ ಮುಖದಲ್ಲಿ ಸೋಲುವವರ ದುಃಖವಿರಲಿಲ್ಲ, ನನ್ನ ಬಗ್ಗೆ ಕನಿಕರವಿತ್ತು. ಅದನ್ನು ನನಗೆ ತಡೆಯಲಾಗಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಊಟಕ್ಕ ಹೊಂಟವ್ರು ಹೋಗ್ರಿ. ನನ್ನಿಂದ ಕಲಿಯೋದು ಏನೂ ಇಲ್ಲ. ನಾ ಯಾವ ಪರೀಕ್ಷಾದಾಗೂ ಫೇಲ್ ಆಗಿಲ್ಲ."

ಎಲ್ಲೋ ಒಬ್ಬ ನಕ್ಕ. ಆಮೇಲೆ ಒಂದು ಸಾಲು ನಕ್ಕಿತು. ಬಾಗಿಲ ತನಕ ಹೋಗಿದ್ದ ಇಬ್ಬರು ಹುಡುಗಿಯರು ತಿರುಗಿ ನಿಂತರು. ಓದುಗರೇ, ನೀವು ಯಾವತ್ತಾದರೂ ಊಟದ ವಾಸನೆಯ ವಿರುದ್ಧ ಗೆದ್ದಿದ್ದೀರಾ? ನಾನು ಗೆಲ್ಲುತ್ತಿದ್ದೆ.  "ಯಾಕ ಫೇಲ್ ಆಗಿಲ್ಲ ಅಂದ್ರ, ಫೇಲ್ ಆಗೋವಂಥದ್ದು ಏನೂ ನಾ ಮಾಡೇ ಇಲ್ಲ" ಎಂದೆ. ಚಪ್ಪಾಳೆ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಬೇರೆಯವರಿಗೆ ತಟ್ಟಿದ ಚಪ್ಪಾಳೆಯೆಲ್ಲ ಒಟ್ಟಾಗಿ ಮರಳಿ ಬಂದಂತೆ ಕೇಳಿಸಿತು. ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಹಿಂದೆ ಅಡುಗೆಯವರೂ ಸೌಟು ಹಿಡಿದು ಬಾಗಿಲಲ್ಲಿ ಬಂದು ನಿಂತರು. ನನ್ನ ಸ್ವರ ಏರಿತು. ಶಾಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

"ನಮ್ಮಪ್ಪ ಹುಡಗ್ಯಾಗ ಆಡ-ಕುರಿ ಕಾಯ್ತಿದ್ದ" ಎಂದುಬಿಟ್ಟೆ.  ನಾನೇ ಒಂದು ಕ್ಷಣ ಬೆಚ್ಚಿದೆ. ಇದನ್ನು ಯಾರು ಹೇಳಿದರು ಎಂದು. ಆದರೆ ಬಾಯಿ ನಿಲ್ಲಲಿಲ್ಲ. "ಇಷ್ಟು ವರ್ಷ ಇದನ್ನ ಮುಚ್ಚಿಟ್ಟೆ. ಹತ್ತು ಮಂದಿಗೆ ಕೆಲಸ ಕೊಟ್ಟವ್ರ ಪರಿಚಯ ಮಾಡ್ಕೋತ ಅಡ್ಡಾಡ್ದೆ, ನನಗ ಸಾಲಿ ಕಲಿಸಿದಾಂವನ ಪರಿಚಯ ಒಂದು ದಿನ ಮಾಡ್ಲಿಲ್ಲ. ಎಂಥಾ ಮಳಿ ಬರ್ಲಿ, ಬ್ಯಾಸಗಿ ಬರ್ಲಿ, ಒಂದು ಮರೀನೂ ಕಳೀಲಾರದ ಮನೀಗೆ ಹೊಡ್ಕೊಂಡು ಬರ್ತಿದ್ದ. ಆ ಹೊಣಿಗಾರಿಕಿ ನನ್ನ ನೌಕರ್ಯಾಗ ಎಲ್ಲಿ ಅದ?" ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡೆ.  ಧೂಳಪ್ಪ ಮುತ್ಯಾ ಕುರ್ಚಿಯಿಂದ ಬಾಗಿ, "ಹೇಳಪಾ, ಹೇಳು" ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಇನ್ನೂ ಬಚಾವಾಗುತ್ತಿದ್ದೆ. ಆದರೆ ಚಪ್ಪಾಳೆಯ ರುಚಿ ಹತ್ತಿದ ನಾಲಿಗೆಗೆ ಲಗಾಮು ಎಲ್ಲಿಯದು? "ಅಪ್ಪ ಅಂಜಿದ್ದಕ್ಕ ನೀವ್ಯಾಕ ಅಂಜ್ತೀರಿ? ಮಾಸ್ತರ ಹೇಳಿದ, ಕಾಕಾ ಹೇಳಿದ ಅಂತ ಫಾರ್ಮ್ ತುಂಬಬ್ಯಾಡ್ರಿ. ರೊಟ್ಟಿ ಬಡೀಬೇಕಂದ್ರ ಬಡೀರಿ, ಆಡ ಕಾಯ್ಬೇಕಂದ್ರ ಕಾಯ್ರಿ. ಯಾರಾದ್ರೂ ಬ್ಯಾಡ ಅಂದ್ರ, ನಾ ಹೇಳೀನಿ ಅಂತ ಹೇಳ್ರಿ" ಎಂದು ಎದೆ ತಟ್ಟಿಕೊಂಡೆ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಈ ಸಲ ನನಗಾಗಿಯೇ. ನಾಗಮ್ಮ ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಕಾಶೀನಾಥರಾಯರು, "ಮಾಸ್ತರ, ಇಷ್ಟು ದಿನ ಎಲ್ಲಿದ್ದಿರಿ?" ಎಂದರು. ನಾನು ಬೆವರು ಒರೆಸಿಕೊಂಡು, ಉಬ್ಬಿದ ಪೂರಿಯಾಗಿ ವೇದಿಕೆ ಇಳಿದೆ. ಇಳಿಯುವಾಗ ಮೂರನೆಯ ಸಾಲು ಕಣ್ಣಿಗೆ ಬಿತ್ತು. ಆಗ ನೆನಪಾಯಿತು, ಕರಾರು.

ಊಟದ ಪಂಕ್ತಿಯಲ್ಲಿ ಮೂವರೂ ಅಕ್ಕಪಕ್ಕ ಕೂತೆವು. ಹುಗ್ಗಿಗೆ ತುಪ್ಪ ಬಿತ್ತು. ಅಂಬಿಕಾಳ ಕಣ್ಣು ಕೆಂಪಾಗಿದ್ದವು. ನಮ್ಮಪ್ಪನ ಸುದ್ದಿ ಅವಳು ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ಹುಗ್ಗಿ ಕಲಸುತ್ತ, "ಪಪ್ಪಾ, ಆ ಫಾರ್ಮ್ ಏನ್ ಮಾಡ್ಲಿ?" ಎಂದು ಮೆಲ್ಲಗೆ ಕೇಳಿದಳು.

"ಅದು ಸಭೆಗೆ ಹೇಳಿದ ಮಾತವ್ವಾ" ಎಂದೆ.

"ನಾನೂ ಸಭಾದಾಗೇ ಇದ್ದೆನಲ್ರಿ."

ನಾನು ಸಹಾಯಕ್ಕಾಗಿ ಮಹಾನಂದಾಳ ಕಡೆ ನೋಡಿದೆ. ಅವಳು ರೊಟ್ಟಿ ಮುರಿಯುತ್ತ, "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಉಣ್ರಿ ಸುಮ್ಕ" ಎಂದಳು. ಉಂಡೆ. ಹುಗ್ಗಿ ಬಹಳ ಚೆನ್ನಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು, ಎರಡನೆಯ ಸಲವೂ ಹಾಕಿಸಿಕೊಂಡೆ. ಬಸ್ಸಿನಲ್ಲಿ ಮರಳುವಾಗ ನಾನು ನಿಜವಾಗಿ ಸೋತೆನೋ ಗೆದ್ದೆನೋ ಎಂದು ಲೆಕ್ಕ ಹಾಕುತ್ತಿದ್ದೆ. ಮಗಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು, ಚಿಕ್ಕವಳಿದ್ದಾಗ ಹೋಗುತ್ತಿದ್ದಂತೆ. ನಾನು ಹುಮನಾಬಾದ ಬರುವ ತನಕ ಹೆಗಲು ಅಲ್ಲಾಡಿಸಲಿಲ್ಲ.

ಈಗ ಹುಡಗಿಯಲ್ಲಿ ಶೆಡ್ಡು ಎದ್ದಿದೆ. ಹನ್ನೊಂದು ಆಡು, ಒಂದು ಹೋತ. ಮೊದಲ ತಿಂಗಳು ಒಂದು ಆಡು ಸತ್ತಿತು. ಅಂಬಿಕಾ ಒಂದು ದಿನ ಅತ್ತು, ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಹೋದಳು. ಚಳಿಗಾಲದಲ್ಲಿ ಮೊದಲ ಸಲ ಎರಡು ಮರಿ ಹುಟ್ಟಿದಾಗ ನನಗೆ ಪಾಠದ ನಡುವೆ ಫೋನು ಬಂತು. ನಾನು ಸಂಧಿ ಪ್ರಕರಣ ಅಲ್ಲೇ ಬಿಟ್ಟು, "ಎರಡು ಮರಿ ಹಾಕೇದರೆಪಾ" ಎಂದು ತರಗತಿಗೇ ಹೇಳಿಬಿಟ್ಟೆ. ಮಕ್ಕಳಿಗೆ ಸಿಹಿ ಹಂಚಿದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಸುದ್ದಿ ಹೇಳಿದ್ದಕ್ಕೆ ಗಣಿತದ ಮಾಸ್ತರರು ನನ್ನನ್ನು ಕಂಡರೆ ಕಾರಿಡಾರು ಬದಲಿಸುತ್ತಾರೆ. ಬೈಯುವುದನ್ನು ಬಿಟ್ಟಿದ್ದೇನೆ. ವ್ಯಾಕರಣ ಬಾರದವರಿಗೆ ಬೈಯಲು ಈಗ ನನ್ನ ಹತ್ತಿರ ಮಾತೇ ಇಲ್ಲ.

ಆದರೆ ಆ ದಿನದ ಭಾಷಣ ಕೇಳಿದ್ದು ನನ್ನ ಮಗಳೊಬ್ಬಳೇ ಅಲ್ಲವಲ್ಲ. ಹೋದ ರವಿವಾರ ನಾನು ಶೆಡ್ಡಿನಲ್ಲಿದ್ದಾಗ ನಾರಾಯಣಪುರದ ಒಬ್ಬರು ಮೋಟರ್ ಸೈಕಲ್ ಮೇಲೆ ವಿಚಾರಿಸಿಕೊಂಡು ಬಂದರು. "ಮಾಸ್ತರ ನೀವೇ ಏನ್ರಿ? ನನ್ನ ಮಗಳು ಕಾಲೇಜು ಮುಗಿಸಿ ಬೇಕರಿ ಹಾಕ್ತೀನಿ ಅಂತ ಕುಂತಾಳ. ಬ್ಯಾಡ ಅಂದ್ರ, ಕಲ್ಯಾಣದಾಗ ಅಧ್ಯಕ್ಷರು ಹೇಳ್ಯಾರ ಅಂತಾಳ. ಈಗ ನೀವೇ ಹೇಳ್ರಿ, ನಾ ಏನ್ ಮಾಡ್ಲಿ?" ಎಂದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ಮುಖದಲ್ಲಿ ಭಯವಿತ್ತು. ಆ ಭಯ ನನಗೆ ಚೆನ್ನಾಗಿ ಗೊತ್ತು, ನಾಲ್ಕು ತಿಂಗಳು ಅದರ ಜೊತೆ ಬಾಳಿದವನು ನಾನು. ಏನು ಹೇಳಲಿ? ಎದೆ ತಟ್ಟಿಕೊಂಡು ಹೊಣೆ ಹೊತ್ತವನು ನಾನೇ. 

ಅಂಬಿಕಾ ನಾನು ಹಿಡಿದುಕೊಂಡಿದ್ದ ಆಡಿನ ಗೊರಸು ಕತ್ತರಿಸುತ್ತಿದ್ದಳು. ತಲೆ ಎತ್ತದೆಯೇ, "ಕಾಕಾ, ಆಕಿಗೆ ಮೊದಲ ಆರು ತಿಂಗಳು ಬ್ಯಾರೇವ್ರ ಬೇಕರ್ಯಾಗ ದುಡೀಲಿಕ್ಕೆ ಕಳಸ್ರಿ. ನಸುಕಿನಾಗ ಎದ್ದು, ಭಟ್ಟಿ ಮುಂದ ನಿಂದ್ರಲಿ. ಆಮ್ಯಾಲೂ ಬೇಕರೀನೇ ಬೇಕು ಅಂದ್ಳಂದ್ರ ನೀವು ಅಡ್ಡ ಬರಬ್ಯಾಡ್ರಿ. ಒಲ್ಲೆ ಅಂದ್ರ ನೌಕರಿ ಫಾರ್ಮ್ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು. ಅವರು ಅಂಬಿಕಾಳ ಕಡೆ ತಿರುಗಿದರು. "ಇದು ಮಾತು ನೋಡವ್ವಾ" ಎಂದರು. ಮುಖದ ಗಂಟು ಸಡಿಲಾಯಿತು.

ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಒಂದು ಕೈ ಹೆಚ್ಚು ಹೊಟ್ಟೆಕಿಚ್ಚಾಯಿತು. ಅಧ್ಯಕ್ಷನಾದವನು ಇಂಥ ಹೊತ್ತಿನಲ್ಲಿ ಕಡೆಯ ಮಾತು ಆಡದಿದ್ದರೆ ಹೇಗೆ? ಗಂಟಲು ಸರಿಮಾಡಿಕೊಂಡು, "ನೋಡ್ರಿ, ಜೀವನದಾಗ ಎರಡೇ ಮಾತು" ಎಂದು ಶುರುಮಾಡಿದೆ.

"ಪಪ್ಪಾ," ಎಂದಳು ಮಗಳು, "ಕಾಲು ಬಿಗೀ ಹಿಡೀರಿ, ಕೊಸರಾಕತ್ತದ."

ಹಿಡಿದೆ.